ಪೇಟೆ ಪ್ರಶ್ನೆ: ಕ್ರೂಡ್ 12% ಬಿದ್ರೂ ಡೀಸೆಲ್ ಯಾಕೆ ಇಳಿಲಿಲ್ಲ?

ಕ್ರೂಡು, ಗ್ಯಾಸು, ತಾಮ್ರ, ಚಿನ್ನ, ಅದಿರು ಇವುಗಳ ವಾರದ ಏರಿಳಿತದ ಬಗ್ಗೆ ಬಂದ ಪತ್ರಗಳು ಈ ಸಲ ಜಾಸ್ತಿ. ಒಬ್ಬೊಬ್ಬರು ಒಂದೊಂದು ಥರ ಬರೆದಿದ್ರೂ ಬಹಳ ಜನರ ತಕರಾರು ಒಂದೇ, ಟೀವಿಲಿ ಹೇಳೋ ಪರ್ಸೆಂಟಿಗೂ ನಮ್ಮೂರ ಅಂಗಡಿ ರೇಟಿಗೂ ತಾಳೆನೇ ಆಗಲ್ಲ ಅಂತ. ಯಾವ ದಿನದಿಂದ ಲೆಕ್ಕ ಹಾಕಿದ್ದು, ಯಾವ ಊರಿನ ಮಾರ್ಕೆಟ್ಟು, ರೂಪಾಯಿಗೆ ತಿರುಗಿಸಿದ್ರೆ ಎಷ್ಟು, ಈ ಮೂರು ಗೊತ್ತಿಲ್ದೆ ಪರ್ಸೆಂಟ್ ಒಂದನ್ನೇ ಹಿಡ್ಕೊಂಡು ಯಾರೂ ದುಡ್ಡಿನ ನಿರ್ಧಾರ ಮಾಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಉತ್ತರಗಳಲ್ಲಿ ಅದನ್ನೇ ಬಿಡಿಸಿ ಹೇಳೋಕೆ ನೋಡಿದೀನಿ.

ಪ್ರಶ್ನೆ, ಹುಬ್ಬಳ್ಳಿಯಿಂದ: ನಮಸ್ಕಾರ್ರಿ ಸರ್. ನಮ್ಮವು ಎರಡು ಗೂಡ್ಸ್ ಗಾಡಿ ಅದಾವ್ರಿ, ಎಪಿಎಂಸಿಯಿಂದ ಅಂಕೋಲಾ ಕಾರವಾರ ಕಡೆ ಬಾಡಿಗಿ ಹೊಡಿತೀವಿ. 2025ರ ಜೂನ್‌ದಾಗ ಇರಾನ್ ಯುದ್ಧ ಆದಾಗ ಕಚ್ಚಾ ತೈಲ ಒಂದ ವಾರದಾಗ 12% ಬಿತ್ತು ಅಂತ ಪೇಪರ್‌ನ್ಯಾಗ ಓದಿದ್ದೆ, ಬಂಕ್‌ನ್ಯಾಗ ಹತ್ತು ಪೈಸೆನೂ ಕಡಿಮಿ ಆಗಲಿಲ್ಲ. ಆ ಇಳಿದ ರೊಕ್ಕ ಯಾರ ಕಿಸೆಕ್ಕ ಹೋತ್ರಿ?

ಉತ್ತರ: ಆ ವಾರನೇ ತಗೊಳ್ಳೋಣ ಸರ್, ಯಾಕಂದ್ರೆ ವಾರದ ಪರ್ಸೆಂಟ್ ಹೆಂಗೆ ದಾರಿ ತಪ್ಪಿಸುತ್ತೆ ಅಂತ ತೋರಿಸೋಕೆ ಅದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ. ಜೂನ್ 12ನೇ ತಾರೀಕು ಗುರುವಾರ ಬ್ರೆಂಟ್ ಕ್ರೂಡ್, ಅಂದ್ರೆ ಜಗತ್ತೆಲ್ಲ ರೇಟಿಗೆ ಅಳತೆಗೋಲು ಮಾಡ್ಕೊಂಡಿರೋ ಕಚ್ಚಾ ಎಣ್ಣೆ, ಬ್ಯಾರೆಲ್ಲಿಗೆ 69 ಡಾಲರ್ ಚಿಲ್ಲರೆ ಇತ್ತು. ಮಾರನೇ ದಿನ ಇಸ್ರೇಲ್ ಇರಾನ್ ಮೇಲೆ ದಾಳಿ ಶುರು ಮಾಡ್ತು, ಒಂದೇ ದಿನದಲ್ಲಿ 7% ಏರಿ 74 ದಾಟ್ತು, ಅದರ ಮುಂದಿನ ಶುಕ್ರವಾರ 20ಕ್ಕೆ 77ಕ್ಕೆ ಬಂದು ನಿಲ್ತು. ಆ ವಾರಾಂತ್ಯದಲ್ಲಿ ಅಮೆರಿಕಾನೂ ಇಳಿದು ಇರಾನಿನ ಅಣು ಕೇಂದ್ರಗಳ ಮೇಲೆ ಬಾಂಬ್ ಹಾಕ್ತು, ಸೋಮವಾರ ಮಾರ್ಕೆಟ್ ಓಪನ್ ಆದಾಗ 81 ಮೇಲೆ ಹೋಯ್ತು. ಎಲ್ರಿಗೂ ಇದ್ದ ಭಯ ಇರಾನ್ ಪಕ್ಕದ ಹಾರ್ಮುಜ್ ಜಲಸಂಧಿದು, ಜಗತ್ತು ದಿನಕ್ಕೆ ಸುಡೋ ಎಣ್ಣೆಲಿ ಹೆಚ್ಚುಕಮ್ಮಿ ಐದರಲ್ಲಿ ಒಂದು ಪಾಲು, ಅಂದ್ರೆ ಸುಮಾರು 2 ಕೋಟಿ ಬ್ಯಾರೆಲ್, ಆ ಇಕ್ಕಟ್ಟು ದಾರಿಲೇ ಹಾದು ಬರಬೇಕಿತ್ತು. ಆದ್ರೆ ಅದೇ ಸೋಮವಾರ ಇರಾನ್ ತಿರುಗಿ ಹೊಡೆದಿದ್ದು ಕತಾರಿನಲ್ಲಿರೋ ಅಮೆರಿಕಾದ ವಾಯುನೆಲೆಗೆ, ಎಣ್ಣೆ ಹಡಗಿನ ತಂಟೆಗೆ ಹೋಗಲಿಲ್ಲ. ಇದು ಗೊತ್ತಾಗಿದ್ದೇ ತಡ ಏರಿದ್ದೆಲ್ಲ ಜಾರೋಕೆ ಶುರು ಆಯ್ತು, ದಿನದ ಕೊನೆಗೆ 7% ಕೆಳಗೆ. ಮಂಗಳವಾರ ಕದನ ವಿರಾಮ, ಇನ್ನೊಂದು 6% ಹೋಯ್ತು. 27ರ ಶುಕ್ರವಾರ ನಿಂತಿದ್ದು 67 ಮುಕ್ಕಾಲು ಡಾಲರಿಗೆ. 77ರಿಂದ 67.77, ನೀವು ಓದಿದ 12% ಇದೇ.

ಈಗ ಈ 67ನ್ನ ಯುದ್ಧಕ್ಕೆ ಮುಂಚಿನ 69ರ ಪಕ್ಕ ಇಟ್ಟು ನೋಡಿ. ಎರಡು ವಾರ ಇಷ್ಟೆಲ್ಲ ಗಲಾಟೆ ಆಗಿ ಕೊನೆಗೆ ಬದಲಾಗಿದ್ದು ಒಂದೂವರೆ ಡಾಲರ್. ಪೇಪರಿನವರು ಬರೆಯೋದು ಶುಕ್ರವಾರದಿಂದ ಶುಕ್ರವಾರಕ್ಕೆ, ಅದು ಸುಳ್ಳಲ್ಲ, ಆದ್ರೆ ಹತ್ತಿದ ವಾರದ ತುತ್ತತುದಿಯಿಂದ ಅಳತೆ ತೆಗೆದ್ರೆ ಇಳಿದಿದ್ದೆಲ್ಲ ಭಾರೀ ಅಂತಲೇ ಕಾಣುತ್ತೆ. ಆ 81 ಡಾಲರಿನ ರೇಟು ನಿಮ್ಮ ಬಂಕಿನವರೆಗೂ ಬರಲೇ ಇಲ್ಲ, ಹಂಗಾಗಿ ಅದು ಇಳಿದಿದ್ದೂ ಬರಲಿಲ್ಲ.

ಇನ್ನು ಕಿಸೆ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆ, ಇದರಲ್ಲಿ ನಾನು ನಿಮ್ಮ ಕಡೆನೇ. 2017ರ ಜೂನ್ 16ರಿಂದ ದೇಶದ ಎಲ್ಲಾ ಬಂಕಲ್ಲಿ ದಿನಾ ರೇಟ್ ಬದಲಾಗುತ್ತೆ ಅಂತ ವ್ಯವಸ್ಥೆ ತಂದ್ರು, ಕಾಗದದ ಮೇಲೆ ಅದು ಇದೆ. ಆದ್ರೆ 2022ರ ಮೇ ನಂತರ ರೇಟು ಒಂಥರಾ ಹೂತು ಹೋಯ್ತು, 2024ರ ಮಾರ್ಚಲ್ಲಿ ಲೋಕಸಭಾ ಚುನಾವಣೆಗೆ ಮುಂಚೆ 2 ರೂಪಾಯಿ ಇಳಿಸಿದ್ರು. ಕ್ರೂಡ್ 100 ಡಾಲರ್ ಮೇಲೆ ಇದ್ದಾಗ ತೈಲ ಕಂಪನಿಗಳು ನಷ್ಟ ಹೊತ್ಕೊಂಡವು, ಇಳಿದಾಗ ಅದನ್ನ ತುಂಬಿಸ್ಕೊಂಡವು, ಇದು ಅವರ ವಾದ, ಒಂದು ಮಟ್ಟಿಗೆ ನಿಜಾನೂ ಹೌದು. ಆದ್ರೆ 2025ರ ಏಪ್ರಿಲಲ್ಲಿ ಕ್ರೂಡ್ ಚೆನ್ನಾಗಿ ಬಿದ್ದಾಗ ಕೇಂದ್ರ ಸರ್ಕಾರ ಲೀಟರಿಗೆ 2 ರೂಪಾಯಿ ಎಕ್ಸೈಸ್ ಏರಿಸ್ತು, ಬಂಕಿನ ರೇಟ್ ಬದಲಾಗಲಿಲ್ಲ. ಅಂದ್ರೆ ಇಳಿದಿದ್ದು ನಿಮಗೆ ಬರೋ ಮುಂಚೆ ದೆಹಲಿಲೇ ನಿಂತ್ಕೊಳ್ತು. ಅದೇ ತಿಂಗಳು 1ನೇ ತಾರೀಕು ನಮ್ಮ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆನ 18.44%ನಿಂದ 21.17%ಗೆ ಏರಿಸಿತ್ತು, ಅದು ಮಾತ್ರ ಸೀದಾ ನಿಮ್ಮ ಟ್ಯಾಂಕಿಗೆ ಬಂತು, ಲೀಟರಿಗೆ 2 ರೂಪಾಯಿ. ಏರುವಾಗ ಅವತ್ತೇ ಬರುತ್ತೆ, ಇಳಿಯುವಾಗ ದಾರಿಲಿ ನಾಲ್ಕು ಕಡೆ ನಿಲ್ಲುತ್ತೆ. ದಿನಾ ಬದಲಾಗುತ್ತೆ ಅಂತ ಹೇಳಿದ ಮೇಲೆ ದಿನಾ ಬದಲಾಯಿಸಬೇಕು, ಇಲ್ಲಾ ಬದಲಾಯಿಸಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ಎರಡು ಗಾಡಿ ಇಟ್ಕೊಂಡು ಜೀವನ ಮಾಡೋರಿಗೆ ಕನಿಷ್ಠ ಅಷ್ಟಾದ್ರೂ ಗೊತ್ತಿರಬೇಕಲ್ವಾ.

ನಿಮ್ಮ ಕೈಲಿರೋದು ಒಂದು, ಎಪಿಎಂಸಿ ಪಾರ್ಟಿಗಳ ಜೊತೆ ವರ್ಷದ ಬಾಡಿಗೆ ಮಾತಾಡುವಾಗ ಅವತ್ತಿನ ಡೀಸೆಲ್ ರೇಟ್ ಬರೆದಿಟ್ಕೊಳ್ಳಿ, ಅದು ಇಷ್ಟು ರೂಪಾಯಿ ಮೇಲೆ ಹೋದ್ರೆ ಟ್ರಿಪ್ಪಿಗೆ ಇಷ್ಟು ಅಂತ ಮೊದಲೇ ಒಪ್ಕೊಳ್ಳಿ. ಬ್ರೆಂಟ್ ನೋಡ್ಕೊಂಡು ಬಾಡಿಗೆ ಕೂಡಿಸೋಕೆ ಹೋಗಬೇಡಿ.

ಪ್ರಶ್ನೆ, ಮಂಗಳೂರಿನಿಂದ: ಕ್ರೂಡ್ ರೇಟ್ ಬಿದ್ದ ವಾರ ಹೆಚ್ಚಿಗೆ ತಂದು ತುಂಬಿಸಿ ಇಡ್ಲಿಕ್ಕೆ ಆಗುದಿಲ್ವಾ ಸರ್? ನಮ್ಮ ಪಾದೂರಲ್ಲಿ ನೆಲದಡಿ ದೊಡ್ಡ ಸಂಗ್ರಹ ಉಂಟು ಅಂತ ಹೇಳ್ತಾರೆ.

ಉತ್ತರ: ಆಗುತ್ತೆ, ಮಾಡಿದ್ದಾರೆ ಕೂಡ. 2020ರ ಏಪ್ರಿಲ್-ಮೇನಲ್ಲಿ ಲಾಕ್‌ಡೌನಿಂದ ಎಣ್ಣೆ ಕೇಳೋರೇ ಇಲ್ಲದಾಗ ಸರಾಸರಿ 19 ಡಾಲರ್ ರೇಟಲ್ಲಿ ತಂದು ತುಂಬಿಸಿದ್ರು, 5,000 ಕೋಟಿ ರೂಪಾಯಿ ಉಳೀತು ಅಂತ ಸರ್ಕಾರನೇ ಹೇಳಿದೆ. ಪಾದೂರಲ್ಲಿ 25 ಲಕ್ಷ ಟನ್, ಮಂಗಳೂರಲ್ಲಿ 15 ಲಕ್ಷ, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ ಹಿಡಿಯುತ್ತೆ. ಇವು ಟ್ಯಾಂಕಲ್ಲ, ಬಂಡೆ ಕೊರೆದು ಮಾಡಿದ ಗುಹೆಗಳು, ಸುತ್ತಲಿನ ಅಂತರ್ಜಲದ ಒತ್ತಡನೇ ಎಣ್ಣೆ ಸೋರದ ಹಾಗೆ ನೋಡ್ಕೊಳ್ಳುತ್ತೆ. ಆದ್ರೆ ಮೂರೂ ಸೇರಿದ್ರೆ ದೇಶಕ್ಕೆ ಒಂಬತ್ತೂವರೆ ದಿನದ ಎಣ್ಣೆ ಅಷ್ಟೇ. ಒಂದ್ಸಲ ತುಂಬಿದ ಮೇಲೆ ಮುಂದಿನ ವಾರ ಇನ್ನೂ ಅಗ್ಗ ಆದ್ರೂ ಜಾಗ ಇರಲ್ಲ.

ಪ್ರಶ್ನೆ, ದಾವಣಗೆರೆಯಿಂದ: ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಕೊಂಡಿದೀನಿ ಸರ್, ಬೋರ್‌ವೆಲ್ ಮೋಟರ್, ಹಿಟ್ಟಿನ ಗಿರಣಿ ಮೋಟರ್ ಎಲ್ಲ ಬರ್ತವೆ. 2025ರ ಜುಲೈ ಕೊನೇಲಿ ತಾಮ್ರ ಒಂದೇ ದಿನ 20% ಬಿತ್ತು ಅಂತ ಮೊಬೈಲ್ ತುಂಬ ಅದೇ ನ್ಯೂಸು. ರೈತರು ಅದನ್ನ ತೋರಿಸಿ ರೇಟ್ ಇಳಿಸಿ ಅಂತ ಕೂತ್ರು, ವೈರ್ ಡೀಲರ್ ಮಾತ್ರ ಕೆಜಿಗೆ ಹತ್ತು ರೂಪಾಯಿನೂ ಬಿಡಲಿಲ್ಲ. ನನಗೆ ಅವರು ಮೋಸ ಮಾಡಿದ್ರಾ?

ಉತ್ತರ: ಇಲ್ಲ ಸರ್, ಆ ವಿಷಯದಲ್ಲಿ ನಿಮ್ಮ ಡೀಲರ್ ಸರಿ ಇದ್ರು. ಬಿದ್ದಿದ್ದು ನ್ಯೂಯಾರ್ಕಿನ ತಾಮ್ರ, ನೀವು ತಗೊಳ್ಳೋದು ಲಂಡನ್ ರೇಟಿನ ತಾಮ್ರ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ನಿಮ್ಮ ಗಿರಾಕಿಗಳಿಗೂ ಹೇಳೋಕೆ ಬರುತ್ತೆ.

ತಾಮ್ರಕ್ಕೆ ಎರಡು ದೊಡ್ಡ ಪೇಟೆ. ಒಂದು ನ್ಯೂಯಾರ್ಕಿನ ಕಾಮೆಕ್ಸ್, ಅಲ್ಲಿ ಪೌಂಡ್ ತೂಕದ ಲೆಕ್ಕ. ಇನ್ನೊಂದು ಲಂಡನ್ ಮೆಟಲ್ ಎಕ್ಸ್‌ಚೇಂಜ್, ಎಲ್‌ಎಂಇ, ಅಲ್ಲಿ ಟನ್ ಲೆಕ್ಕ. ಮಾಮೂಲಿ ದಿನಗಳಲ್ಲಿ ಎರಡೂ ಜೊತೆಜೊತೆಗೇ ಹೋಗ್ತವೆ. ಜುಲೈ 8ಕ್ಕೆ ಟ್ರಂಪ್ ಅಮೆರಿಕಾಗೆ ಬರೋ ತಾಮ್ರದ ಮೇಲೆ 50% ಸುಂಕ ಹಾಕ್ತೀನಿ ಅಂದ್ರು, ಅವತ್ತೇ ಕಾಮೆಕ್ಸಲ್ಲಿ 13% ಏರ್ತು, ಲಂಡನ್ ಮಾತ್ರ ಇದ್ದಲ್ಲೇ ಇತ್ತು. ಯಾಕಂದ್ರೆ ಸುಂಕ ಅಮೆರಿಕಾದ ಒಳಗಿನ ಮಾಲಿಗೆ ಮಾತ್ರ, ಸುಂಕ ಬರೋ ಮುಂಚೆ ಅಮೆರಿಕಾ ಗಡಿ ದಾಟಿ ಒಳಗೆ ಕೂತಿರೋ ತಾಮ್ರಕ್ಕೆ ಬೆಲೆ ಜಾಸ್ತಿ ಅಂತ ವ್ಯಾಪಾರಿಗಳೆಲ್ಲ ಹಡಗು ತುಂಬಿ ಅಲ್ಲಿಗೇ ಓಡಿಸಿದ್ರು. ತಿಂಗಳ ಕೊನೆಗೆ ಎರಡು ರೇಟಿನ ನಡುವೆ ಟನ್ನಿಗೆ ಎರಡು ಸಾವಿರ ಡಾಲರಿಗಿಂತ ಮೇಲೆ ಅಂತರ ಬಿದ್ದಿತ್ತು. ಜುಲೈ 30ಕ್ಕೆ ಆದೇಶ ಬಂತು ನೋಡಿ, ಸುಂಕ ಇರೋದು ಪೈಪು, ವೈರು, ಶೀಟು ಥರದ ಅರೆ ತಯಾರಿ ಮಾಲಿಗೆ, ಕ್ಯಾಥೋಡಿಗೆ, ಅಂದ್ರೆ ಶುದ್ಧ ತಾಮ್ರದ ಹಲಗೆಗೆ, ಇಲ್ಲ ಅಂತ. ಕಾಮೆಕ್ಸಲ್ಲಿ ಸುಂಕದ ಆಸೆ ಮೇಲೆ ಏರಿದ್ದೆಲ್ಲ ಒಂದೇ ಏಟಿಗೆ ಹೋಯ್ತು, 20%ಗಿಂತ ಜಾಸ್ತಿ. ಲಂಡನಲ್ಲಿ ಒಂದೆರಡು ಪರ್ಸೆಂಟ್ ಒಳಗೇ ಅಲ್ಲಾಡಿದ್ದು.

ಈಗ ನಿಮ್ಮ ಅಂಗಡಿ ಲೆಕ್ಕ. ಎಲ್‌ಎಂಇ 9,700 ಡಾಲರ್, ಡಾಲರಿಗೆ 87 ರೂಪಾಯಿ ಅಂತ ಇಟ್ಕೊಳ್ಳಿ. ಗುಣಿಸಿ ಸಾವಿರದಿಂದ ಭಾಗಿಸಿದ್ರೆ ಕೆಜಿಗೆ 844 ರೂಪಾಯಿ. ಅದರ ಮೇಲೆ 5% ಆಮದು ಸುಂಕ, 886. ನಮ್ಮ ದೇಶದ ಸರಕು ಪೇಟೆ ಎಂಸಿಎಕ್ಸಲ್ಲಿ ತಾಮ್ರ ಆ ಹೊತ್ತಿಗೆ ಓಡಾಡ್ತಿದ್ದಿದ್ದೂ ಹೆಚ್ಚುಕಮ್ಮಿ ಅಲ್ಲೇ. ಇದರ ಮೇಲೆ ರಾಡ್ ಎಳೆಯೋ ಖರ್ಚು, ಎನಾಮಲ್ ಇಲ್ಲಾ ಪಾಲಿ ಸುತ್ತೋ ಖರ್ಚು, ಗೇಜ್ ಸಣ್ಣ ಆದಷ್ಟೂ ಅದು ಜಾಸ್ತಿ, ಆಮೇಲೆ 18% ಜಿಎಸ್‌ಟಿ, ಡೀಲರ್ ಮಾರ್ಜಿನ್. ಎಲ್‌ಎಂಇ 1% ಇಳಿದ್ರೆ ಕೆಜಿಗೆ ಎಂಟೊಂಬತ್ತು ರೂಪಾಯಿ ಇಳಿಬೇಕಿತ್ತು ನಿಜ. ಆದ್ರೆ ಅದೇ ಜುಲೈ 30ಕ್ಕೆ ಟ್ರಂಪ್ ಭಾರತದ ಮಾಲಿಗೂ 25% ಸುಂಕ ಅಂತ ಹೇಳಿದ್ರು, ರೂಪಾಯಿ 87 ದಾಟಿ ಕುಸೀತು. ಲಂಡನಲ್ಲಿ ಇಳಿದಿದ್ದನ್ನ ರೂಪಾಯಿ ನುಂಗಿ ಹಾಕ್ತು. ಮೊಬೈಲ್ ನ್ಯೂಸಲ್ಲಿ ಈ ಕಡೆ ಲೆಕ್ಕ ಇರಲ್ಲ.

ನಿಜವಾಗಲೂ ಡೀಲರ್ ರೇಟ್ ಅಲ್ಲಾಡಿಸೋ ಸುದ್ದಿ ಹೆಂಗಿರುತ್ತೆ ಅಂದ್ರೆ ಅದೇ ವರ್ಷದ ಸೆಪ್ಟೆಂಬರದು. ಇಂಡೋನೇಷ್ಯಾದ ಗ್ರಾಸ್‌ಬರ್ಗ್ ಗಣಿಲಿ 8ನೇ ತಾರೀಕು ಭೂಗರ್ಭದೊಳಗೆ ಕೆಸರು ನುಗ್ಗಿ ಕೆಲಸಗಾರರು ಸತ್ರು, 24ಕ್ಕೆ ಕಂಪನಿಯವರು ಒಪ್ಪಿದಷ್ಟು ಮಾಲು ಕೊಡೋಕಾಗಲ್ಲ ಅಂತ ಘೋಷಿಸಿದ್ರು, ಲಂಡನ್ ರೇಟ್ 10,000 ದಾಟಿ ಹೋಯ್ತು. ಅದು ಮಾತಿನ ಏರಿಕೆ ಅಲ್ಲ, ಜಗತ್ತಿನಲ್ಲಿ ತಾಮ್ರನೇ ಕಮ್ಮಿ ಆದ ಏರಿಕೆ, ಅಂಥದ್ದು ದಾವಣಗೆರೆಗೂ ಬರುತ್ತೆ, ಬಂದು ಬೇಗ ಹೋಗಲ್ಲ. ನಮ್ಮ ದೇಶಕ್ಕಂತೂ ಇದು ಇನ್ನೂ ಜೋರಾಗಿ ತಟ್ಟುತ್ತೆ, 2018ರ ಮೇನಲ್ಲಿ ತೂತ್ತುಕುಡಿಯ ತಾಮ್ರದ ಕಾರ್ಖಾನೆ ಮುಚ್ಚಿದ ಮೇಲೆ ನಾವು ಶುದ್ಧ ತಾಮ್ರ ಹೊರಗಿಂದ ತರಿಸೋರಾಗಿಬಿಟ್ವಿ.

ಎಸ್ಟಿಮೇಟ್ ಬರೆಯುವಾಗ ವೈರಿನ ತೂಕ ಮತ್ತು ಕೆಜಿ ರೇಟನ್ನ ಬೇರೆ ಸಾಲಲ್ಲಿ, ನಿಮ್ಮ ಕೂಲಿ ಬೇರೆ ಸಾಲಲ್ಲಿ ಬರೀರಿ. ಹಳೆ ಸುಟ್ಟ ತಾಮ್ರ ಎಷ್ಟು ಕೆಜಿ ಬಿಚ್ಚಿದ್ರಿ ಅಂತ ರೈತನ ಮುಂದೆನೇ ತೂಗಿ ಅದನ್ನ ಕಳೀರಿ. ರೇಟು ಒಂದು ವಾರಕ್ಕೆ ಮಾತ್ರ ಅಂತ ಕೆಳಗೆ ಬರೀರಿ. ಬೇಸಿಗೆಲಿ ಮೋಟರ್ ಸುಟ್ಕೊಂಡು ಬೆಳೆ ಒಣಗ್ತಿರೋ ರೈತ ರೇಟ್ ಕೇಳೋದು ಕಷ್ಟಕ್ಕೆ, ಜಗಳಕ್ಕಲ್ಲ, ಲೆಕ್ಕ ಕಣ್ಣಿಗೆ ಕಂಡ್ರೆ ಒಪ್ತಾರೆ.

ಪ್ರಶ್ನೆ, ಸಂಡೂರಿನಿಂದ: ವಾರದ ರೇಟ್ ಪಟ್ಟಿಲಿ ತಾಮ್ರ, ಸತು, ಅಲ್ಯೂಮಿನಿಯಂ ಎಲ್ಲಾ ಇರುತ್ತೆ, ನಮ್ಮ ಕಬ್ಬಿಣದ ಅದಿರು ಯಾಕೆ ಇರಲ್ಲ?

ಉತ್ತರ: ಅದಿರು ಎಂಸಿಎಕ್ಸಲ್ಲಿ ಟ್ರೇಡ್ ಆಗಲ್ಲ. ಅದರ ವಾರದ ಏರಿಳಿತ ನೋಡಬೇಕಂದ್ರೆ ಸಿಂಗಾಪುರ, ಇಲ್ಲಾ ಚೀನಾದ ಡಾಲಿಯನ್ ಎಕ್ಸ್‌ಚೇಂಜ್. ಸಮುದ್ರದ ಮೇಲೆ ಸಾಗೋ ಅದಿರಲ್ಲಿ ಬಹುಪಾಲು ಚೀನಾನೇ ಕೊಳ್ಳೋದು, ಅಲ್ಲಿ ಮನೆ ಕಟ್ಟೋದು ನಿಂತ್ರೆ ಅದಿರು ಬೀಳುತ್ತೆ. ಆದ್ರೆ ಸಂಡೂರಿನ ಲಾರಿಗೆ ಆ ರೇಟು ಅದೇ ವಾರ ಬರಲ್ಲ, ಯಾಕಂದ್ರೆ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಲಿ ಗಣಿಗಾರಿಕೆ ನಿಲ್ಲಿಸಿದ ಮೇಲೆ ವರ್ಷಗಟ್ಟಲೆ ಇ-ಹರಾಜಲ್ಲಿ ಮಾತ್ರ ಮಾರಬೇಕಿತ್ತು, ರಫ್ತೂ ಇರಲಿಲ್ಲ. 2022ರ ಮೇನಲ್ಲಿ ಕೋರ್ಟೇ ನೇರ ಮಾರಾಟಕ್ಕೂ ರಫ್ತಿಗೂ ಒಪ್ಪಿಗೆ ಕೊಡ್ತು. ಈಗ ಸಿಂಗಾಪುರಕ್ಕಿಂತ ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿ ಯಾವ ರೇಟ್ ಹಾಕಿದೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಎಷ್ಟು ಎತ್ತುತ್ತೆ ಅನ್ನೋದೇ ನಿಮಗೆ ಮುಖ್ಯ.

ಪ್ರಶ್ನೆ, ಶಿರಸಿಯಿಂದ: ಮಗಳ ಮದುವೆಗೆ ಬಂಗಾರ ಮಾಡಿಸಬೇಕು ಸರ್, ಅಡಿಕೆ ದುಡ್ಡು ಬಂದ ಹಾಗೆ ಸ್ವಲ್ಪ ಸ್ವಲ್ಪ ತಗೊಳ್ತಾ ಇದ್ದೇನೆ. 2025ರ ದೀಪಾವಳಿ ವಾರ ಚಿನ್ನ 5% ಬಿತ್ತು ಅಂತ ಕೇಳಿ ಅಂಗಡಿಗೆ ಓಡಿದೆ, ಅಲ್ಲಿ ಅಷ್ಟೆಲ್ಲ ಇಳಿದೇ ಇರಲಿಲ್ಲ. ಇನ್ನು ಮುಂದೆ ಯಾವ ರೇಟ್ ನೋಡಿಕೊಂಡು ಹೋಗಬೇಕು?

ಉತ್ತರ: ಮೇಡಂ, ಆ ವಾರ ನಡೆದಿದ್ದು ಹೀಗೆ. ಅಕ್ಟೋಬರ್ 20ರ ಸೋಮವಾರ ಚಿನ್ನ ಔನ್ಸಿಗೆ 4,380 ಡಾಲರ್ ಮುಟ್ಟಿ ದಾಖಲೆ ಮಾಡ್ತು, ಮಂಗಳವಾರ 5%ಗಿಂತ ಜಾಸ್ತಿ ಬಿತ್ತು. ಸತತ ಒಂಬತ್ತು ವಾರ ಏರಿದ ಮೇಲೆ ಮೊದಲ ಇಳಿಕೆಯ ವಾರ ಅದು. ಲಾಭದಲ್ಲಿ ಕೂತಿದ್ದವರೆಲ್ಲ ಒಟ್ಟಿಗೇ ಮಾರೋಕೆ ನಿಂತ್ರೆ ಹಂಗೇ ಆಗೋದು. ನಮ್ಮಲ್ಲಿ ಹಬ್ಬದ ರಜೆ, ಅಂಗಡಿಗಳ ರೇಟ್ ಹಿಂದೆಮುಂದೆ, ಹಬ್ಬದ ಗಿರಾಕಿ ಬೇರೆ. ಹಂಗಾಗಿ ಹೊರದೇಶದ ಪೇಟೆಲಿ ಬಿದ್ದಿದ್ದು ಇಲ್ಲಿಗೆ ಅದೇ ಅಳತೆಲಿ ಅವತ್ತೇ ಬರಲಿಲ್ಲ.

ಲೆಕ್ಕ ನೀವೇ ಹಾಕ್ಕೋಬಹುದು, ಒಂದ್ಸಲ ಕೈಗೆ ಹತ್ತಿದ್ರೆ ಯಾರನ್ನೂ ಕೇಳೋದು ಬೇಡ. ಒಂದು ಔನ್ಸ್ ಅಂದ್ರೆ 31.1 ಗ್ರಾಂ. ಚಿನ್ನ 4,000 ಡಾಲರ್, ರೂಪಾಯಿ 88 ಅಂತ ಹಿಡೀರಿ. 10 ಗ್ರಾಮಿಗೆ 1,286 ಡಾಲರ್, ರೂಪಾಯಿಲಿ 1,13,170ರ ಹತ್ತಿರ. ಅದಕ್ಕೆ 2025ರಲ್ಲಿದ್ದ ಆಮದು ಸುಂಕ 6%, ಹೆಚ್ಚುಕಮ್ಮಿ 1,19,960. ಮೇಲೆ 3% ಜಿಎಸ್‌ಟಿ, 1,23,560. ಇದು 24 ಕ್ಯಾರಟ್, ನಿಮ್ಮ ಒಡವೆ 22 ಕ್ಯಾರಟ್ ಆದ್ರೆ ಇದರ 91.6%. ಸುಂಕದ ಕಡೆ ಒಂದು ಕಣ್ಣಿರಲಿ, 2024ರ ಜುಲೈ 23ರ ಬಜೆಟ್ಟಲ್ಲಿ ಅದನ್ನ 15%ರಿಂದ 6%ಗೆ ಇಳಿಸಿದ ದಿನ ಲಂಡನಲ್ಲಿ ಏನೂ ಆಗದಿದ್ರೂ ಇಲ್ಲಿ 10 ಗ್ರಾಮಿಗೆ ಸಾವಿರಗಟ್ಟಲೆ ಇಳಿದಿತ್ತು.

ಇದಕ್ಕಿಂತ ಮುಖ್ಯವಾದ ಮಾತು ಮಜೂರಿದು. ಮಜೂರಿ, ವೇಸ್ಟೇಜ್ ಪರ್ಸೆಂಟ್ ಲೆಕ್ಕದಲ್ಲಿ ಇದ್ರೆ ಚಿನ್ನ ಏರಿದಾಗ ಅದೂ ಏರುತ್ತೆ, ಕುಸುರಿ ಕೆಲಸ ಒಂದಿಷ್ಟೂ ಜಾಸ್ತಿ ಆಗಿರಲ್ಲ. ಗ್ರಾಮಿಗೆ ಇಷ್ಟು ರೂಪಾಯಿ ಅಂತ ಮಾತಾಡಿ, ಕೇಳೋಕೆ ಸಂಕೋಚ ಬೇಡ. ವಾರದಲ್ಲಿ ಅತಿ ಕಮ್ಮಿ ಇದ್ದ ದಿನ ಹಿಡಿಯೋಕೆ ಓಡಾಡೋದಕ್ಕಿಂತ ಇದರಲ್ಲಿ ಜಾಸ್ತಿ ಉಳಿಯುತ್ತೆ. ಅಡಿಕೆ ದುಡ್ಡು ಬಂದ ಹಾಗೆ ತಗೊಳ್ತಿದೀರಲ್ಲ, ಅದೇ ಸರಿಯಾದ ದಾರಿ, ಬಿಡಬೇಡಿ. ಹಾಲ್‌ಮಾರ್ಕಿನ ಜೊತೆ ಆರಕ್ಷರದ ಎಚ್‌ಯುಐಡಿ ನಂಬರ್ ಇದ್ಯಾ ನೋಡಿ, 2023ರ ಏಪ್ರಿಲಿಂದ ಅದು ಕಡ್ಡಾಯ.

ಪ್ರಶ್ನೆ, ಗದಗಿನಿಂದ: ಬಿಕಾಂ ಓದಾಕತ್ತೇನ್ರಿ. ವಾರದಾಗ ಯಾವ ದಿನ ಯಾವ ರಿಪೋರ್ಟ್ ನೋಡಬೇಕು ಹೇಳ್ರಿ. ಮತ್ತ ಸ್ಟಾಕ್ ಕಡಿಮಿ ಆಗೈತಿ ಅಂತ ರಿಪೋರ್ಟ್ ಬಂದ್ರೂ ಕ್ರೂಡ್ ಬೀಳ್ತೈತಲ್ರಿ, ಹೆಂಗ?

ಉತ್ತರ: ಒಪೆಕ್ ಪ್ಲಸ್ ಅಂದ್ರೆ ಎಣ್ಣೆ ಮಾರೋ ದೇಶಗಳ ಕೂಟ, ಅವು 2025ರಲ್ಲಿ ಉತ್ಪಾದನೆ ಏರಿಸೋ ತೀರ್ಮಾನಗಳನ್ನ ಹೆಚ್ಚಾಗಿ ಶನಿವಾರ ಭಾನುವಾರನೇ ಹೇಳಿದ್ವು, ಹಂಗಾಗಿ ಸೋಮವಾರದ ಓಪನಿಂಗ್ ನೋಡಬೇಕು. ಮಂಗಳವಾರ ಅಮೆರಿಕಾದ ಪೆಟ್ರೋಲಿಯಂ ಸಂಘದ ಸ್ಟಾಕ್ ಅಂದಾಜು ಬರುತ್ತೆ, ನಮಗೆ ಅದು ಗೊತ್ತಾಗೋ ಹೊತ್ತಿಗೆ ಬುಧವಾರ ಆಗಿರುತ್ತೆ. ಬುಧವಾರ ಅಮೆರಿಕಾ ಸರ್ಕಾರದ ಇಂಧನ ಅಂಕಿಅಂಶ ಸಂಸ್ಥೆ ಇಐಎದ ಸ್ಟಾಕ್ ವರದಿ, ಅದೇ ಎಲ್ಲಕ್ಕಿಂತ ದೊಡ್ಡದು, ನಮ್ಮ ಟೈಮಲ್ಲಿ ಬೇಸಿಗೆಲಿ ರಾತ್ರಿ 8 ಗಂಟೆ, ಚಳಿಗಾಲದಲ್ಲಿ 9. ಗುರುವಾರ ಅದೇ ಹೊತ್ತಿಗೆ ಗ್ಯಾಸ್ ಸ್ಟಾಕ್. ಶುಕ್ರವಾರ ಶಾಂಘೈ ಗೋದಾಮಿನ ಲೋಹದ ಸ್ಟಾಕ್, ರಾತ್ರಿ ಅಮೆರಿಕಾದಲ್ಲಿ ಎಷ್ಟು ರಿಗ್ ಕೊರೀತಿವೆ ಅನ್ನೋ ಎಣಿಕೆ, ಅದಾದ ಮೇಲೆ ಯಾರು ಎಷ್ಟು ಕೊಂಡಿದ್ದಾರೆ ಮಾರಿದ್ದಾರೆ ಅನ್ನೋ ಅಮೆರಿಕಾದ ಸರಕು ಪೇಟೆ ನಿಯಂತ್ರಕ ಸಿಎಫ್‌ಟಿಸಿಯ ವರದಿ, ಅದರಲ್ಲಿರೋದು ಮಂಗಳವಾರದವರೆಗಿನ ಲೆಕ್ಕ ಅನ್ನೋದು ನೆನಪಿರಲಿ.

ಎರಡನೇದು ಒಳ್ಳೆ ಪ್ರಶ್ನೆ. 30 ಲಕ್ಷ ಬ್ಯಾರೆಲ್ ಇಳಿಯುತ್ತೆ ಅಂತ ಎಲ್ರೂ ಅಂದಾಜಿಸಿ ಅದಕ್ಕೆ ತಕ್ಕ ಹಾಗೆ ಮೊದಲೇ ಕೊಂಡು ಕೂತಿರ್ತಾರೆ, ವರದಿಲಿ ಇಳಿದಿದ್ದು 10 ಲಕ್ಷ ಅಂತ ಬಂದ್ರೆ ಮಾರ್ತಾರೆ. ಪಿಯುಸಿಲಿ 95 ಬರುತ್ತೆ ಅಂತ ಕಾದಿದ್ದ ಮನೇಲಿ 85 ಬಂದ್ರೆ ಹೆಂಗೋ ಹಂಗೆ. ಹಂಗಾಗಿ ವರದಿ ನೋಡೋ ಮುಂಚೆ ಅಂದಾಜು ಎಷ್ಟಿತ್ತು ಅಂತ ಬರೆದಿಟ್ಕೊಳ್ಳಿ. ದುಡ್ಡು ಹಾಕದೇ ಒಂದು ಸೆಮಿಸ್ಟರ್ ಹೀಗೆ ಬರ್ಕೊಂಡು ಹೋಗಿ, ಕ್ಲಾಸಲ್ಲಿ ಕಲಿಯೋದಕ್ಕಿಂತ ಚೆನ್ನಾಗಿ ತಲೆಗೆ ಹೋಗುತ್ತೆ.

ಪ್ರಶ್ನೆ, ತುಮಕೂರಿನಿಂದ: ಸರ್ ನಾನು ಫ್ಯಾಕ್ಟರಿಲಿ ಕೆಲಸ ಮಾಡ್ತೀನಿ, ತಿಂಗಳಿಗೆ 28 ಸಾವಿರ ಸಂಬಳ. ಟೆಲಿಗ್ರಾಂನಲ್ಲಿ ಒಂದು ಚಾನೆಲ್ ಇದೆ, ಪ್ರತಿ ಗುರುವಾರ ರಾತ್ರಿ ನ್ಯಾಚುರಲ್ ಗ್ಯಾಸ್ ಟಿಪ್ ಕೊಡ್ತಾರೆ, ತಿಂಗಳಿಗೆ ಫೀಸ್ ಇದೆ. ಮೊದಲು ಲಾಭ ಬಂತು, ಆಮೇಲೆ ಪರ್ಸನಲ್ ಲೋನ್ ತಗೊಂಡು ಹಾಕಿದೆ, ಈಗ ಬಹಳ ಹೋಗಿದೆ. ಇನ್ನೊಂದ್ಸಲ ಹಾಕಿ ಕವರ್ ಮಾಡ್ಕೊಳ್ಳಲಾ? ಮನೇಲಿ ಯಾರಿಗೂ ಗೊತ್ತಿಲ್ಲ.

ಉತ್ತರ: ಬೇಡ ತಮ್ಮಾ. ಮೊದಲು ಅದನ್ನ ಹೇಳಿಬಿಡ್ತೀನಿ, ಕಾರಣ ಆಮೇಲೆ.

ಎಂಸಿಎಕ್ಸಲ್ಲಿ ಗ್ಯಾಸಿನ ದೊಡ್ಡ ಲಾಟು 1,250 ಯೂನಿಟ್. ರೇಟ್ ಒಂದು ರೂಪಾಯಿ ಅಲ್ಲಾಡಿದ್ರೆ ನಿನಗೆ 1,250 ರೂಪಾಯಿ. 300 ರೂಪಾಯಿ ಇದ್ದಾಗ 5% ಬಿದ್ರೆ 15 ರೂಪಾಯಿ, ಒಂದು ಲಾಟಿಗೆ 18,750. ಗ್ಯಾಸಲ್ಲಿ 5% ಒಂದು ರಾತ್ರಿಲಿ ಆಗೋ ಮಾಮೂಲಿ ಮಾತು. ಅಂದ್ರೆ ನಿನ್ನ ಮೂರು ವಾರದ ಸಂಬಳ ಗುರುವಾರದ ಒಂದು ಸ್ಟಾಕ್ ವರದಿಗೆ ಹೋಗುತ್ತೆ. ಮತ್ತೆ ಆ ರೇಟು ಯಾರದ್ದು? ಅಮೆರಿಕಾದ ಲೂಸಿಯಾನಾದಲ್ಲಿ ಹೆನ್ರಿ ಹಬ್ ಅಂತ ಪೈಪ್‌ಲೈನ್ ಕೂಡೋ ಜಾಗ ಇದೆ, ಅಲ್ಲಿಯ ರೇಟು. ಅಲ್ಲಿ ಮುಂದಿನ ಎರಡು ವಾರ ಚಳಿ ಎಷ್ಟು, ಸೆಖೆ ಎಷ್ಟು ಅನ್ನೋ ಹವಾಮಾನದ ಲೆಕ್ಕ ದಿನಕ್ಕೆ ಹಲವು ಸಲ ಬದಲಾಗುತ್ತೆ, ಅದನ್ನ ಓದೋಕೆ ಅಲ್ಲಿಯ ಕಂಪನಿಗಳು ಹವಾಮಾನ ತಜ್ಞರನ್ನೇ ಸಂಬಳ ಕೊಟ್ಟು ಇಟ್ಕೊಂಡಿವೆ. 2022ರ ಜೂನ್ 8ಕ್ಕೆ ಟೆಕ್ಸಾಸಿನ ಫ್ರೀಪೋರ್ಟ್ ಅನ್ನೋ ಕಡೆ ಗ್ಯಾಸನ್ನ ದ್ರವ ಮಾಡಿ ಹಡಗಿಗೆ ತುಂಬೋ ಘಟಕದಲ್ಲಿ ಬೆಂಕಿ ಬಿತ್ತು. ಬೆಂಕಿ ಅಂದ್ರೆ ರೇಟ್ ಏರುತ್ತೆ ಅಂತ ತಾನೇ ಯಾರಾದ್ರೂ ಅಂದ್ಕೊಳ್ಳೋದು? ಯುರೋಪಲ್ಲಿ ಏರ್ತು, ಅಮೆರಿಕಾದಲ್ಲಿ ಬಿತ್ತು, ಹೊರಗೆ ಹೋಗಬೇಕಿದ್ದ ಗ್ಯಾಸ್ ಅಲ್ಲೇ ಉಳೀತಲ್ಲ. ರಿಪೇರಿಗೆ ತಿಂಗಳುಗಟ್ಟಲೆ ಬೇಕು ಅಂತ 14ಕ್ಕೆ ತಿಳಿದಾಗ ಒಂದೇ ದಿನ 16% ಹೋಯ್ತು. ಟೆಲಿಗ್ರಾಂನಲ್ಲಿ ಗುರುವಾರ ಬರೋ ಎರಡು ಸಾಲಿನ ಮೆಸೇಜಲ್ಲಿ ಇದೆಲ್ಲ ಇರುತ್ತಾ?

ಇಳಿದ್ರೆ ಎಲ್ಲಿವರೆಗೆ ಇಳಿದೀತು, ಸೊನ್ನೆವರೆಗೆ ತಾನೇ ಅಂತನೂ ಧೈರ್ಯ ತಗೋಬೇಡ. 2020ರ ಏಪ್ರಿಲ್ 20ಕ್ಕೆ ಅಮೆರಿಕಾದ ಡಬ್ಲ್ಯೂಟಿಐ ಕ್ರೂಡ್ ಮೈನಸ್ 37.63 ಡಾಲರಿಗೆ ಮುಗೀತು. ಮೇ ತಿಂಗಳ ಕಾಂಟ್ರಾಕ್ಟ್ ಮುಗಿಯೋಕೆ ಒಂದೇ ದಿನ ಬಾಕಿ, ಮುಗಿದಾಗ ಅದನ್ನ ಹಿಡ್ಕೊಂಡಿದ್ದವರು ಓಕ್ಲಹೋಮಾದ ಕುಶಿಂಗ್ ಅನ್ನೋ ಊರಲ್ಲಿ ಎಣ್ಣೆ ಇಳಿಸ್ಕೋಬೇಕು, ಟ್ಯಾಂಕಲ್ಲಿ ಜಾಗ ಇಲ್ಲ, ಕೈಯಿಂದ ದುಡ್ಡು ಕೊಟ್ಟಾದ್ರೂ ಕಳಚ್ಕೊಳ್ಳೋಣ ಅಂತ ಎಲ್ರೂ ಬಿದ್ರು. ನಮ್ಮಲ್ಲಿ ಲಾಕ್‌ಡೌನ್ ಅಂತ ಎಂಸಿಎಕ್ಸ್ ಸಂಜೆ 5ಕ್ಕೇ ಮುಚ್ಚಿತ್ತು, ಅಷ್ಟೊತ್ತಿಗೆ ಬ್ಯಾರೆಲ್ಲಿಗೆ ಸಾವಿರ ರೂಪಾಯಿ ಆಸುಪಾಸು ಇತ್ತು. ರಾತ್ರಿ ಅಲ್ಲಿ ಆಗಿದ್ದಕ್ಕೆ ಇಲ್ಲಿ ಲೆಕ್ಕ ಮುಗಿಸಿದ್ದು ಮೈನಸ್ 2,884 ರೂಪಾಯಿಗೆ. ಲಾಟಿಗೆ 100 ಬ್ಯಾರೆಲ್. ಸಂಜೆ ಒಂದು ಲಾಟ್ ಹಿಡ್ಕೊಂಡು ಮಲಗಿದವನು ಮೂರೂವರೆ ಲಕ್ಷಕ್ಕಿಂತ ಜಾಸ್ತಿ ಕೊಡಬೇಕಾಗಿ ಬಂತು, ನಡುವೆ ಮಾರೋಕೆ ಒಂದು ನಿಮಿಷನೂ ಸಿಗಲಿಲ್ಲ. ಕೋರ್ಟಿಗೆ ಹೋದವರೂ ಇದ್ರು.

ಇಂಥ ಪೇಟೆಲಿ ರಿಫೈನರಿಯವರು, ವೈರ್ ಕಾರ್ಖಾನೆಯವರು ಇರೋದು ಅವರ ಹತ್ರ ನಿಜವಾದ ಮಾಲಿದೆ ಅಂತ, ರೇಟ್ ಬಿದ್ರೆ ಒಂದು ಕಡೆ ಹೋಗಿದ್ದು ಇನ್ನೊಂದು ಕಡೆ ಬರುತ್ತೆ ಅವರಿಗೆ. ನಿನ್ನ ಹತ್ರ ಇರೋದು ಸಂಬಳ ಮತ್ತೆ ಸಾಲ. ಶೇರು ಪೇಟೆಯ ಫ್ಯೂಚರ್ಸ್-ಆಪ್ಷನ್ಸ್, ಅಂದ್ರೆ ಮುಂದಿನ ರೇಟಿನ ಮೇಲೆ ಕಟ್ಟೋ ವ್ಯವಹಾರದ ಬಗ್ಗೆ, ಪೇಟೆ ನಿಯಂತ್ರಕ ಸೆಬಿ 2024ರಲ್ಲಿ ಲೆಕ್ಕ ತೆಗೆದು ಹೇಳಿದ್ದು, ಮೂರು ವರ್ಷದಲ್ಲಿ ಆಡಿದ ಸಾಮಾನ್ಯ ಜನರಲ್ಲಿ 93% ಮಂದಿ ಕಳ್ಕೊಂಡಿದ್ದಾರೆ ಅಂತ. ನೀನು ಒಬ್ಬನೇ ಅಲ್ಲ, ನಿನಗೆ ಬುದ್ಧಿ ಕಮ್ಮಿ ಅಂತಲೂ ಅಲ್ಲ.

ಈಗ ಮಾಡಬೇಕಾದ್ದು. ತೆರೆದಿರೋ ಪೊಸಿಷನ್, ಅಂದ್ರೆ ಇನ್ನೂ ಲೆಕ್ಕ ಮುಗಿಸದ ಲಾಟು, ಏನಾದ್ರೂ ಇದ್ರೆ ನಾಳೆ ಬೆಳಗ್ಗೆ ಮಾರ್ಕೆಟ್ 9ಕ್ಕೆ ತೆರೆದ ತಕ್ಷಣ ಮುಚ್ಚು, ಗುರುವಾರ ರಾತ್ರಿವರೆಗೂ ಕಾಯಬೇಡ. ಉಳಿದ ದುಡ್ಡನ್ನ ಟ್ರೇಡಿಂಗ್ ಅಕೌಂಟಿಂದ ಬ್ಯಾಂಕಿಗೆ ತಗೊಂಡು ಆ್ಯಪ್ ತೆಗೆದುಹಾಕು. ಚಾನೆಲ್‌ನವರ ಸೆಬಿ ನೋಂದಣಿ ನಂಬರ್ ಕೇಳು, ಸೆಬಿ ವೆಬ್‌ಸೈಟಲ್ಲಿ ಆ ನಂಬರ್ ಸಿಗದಿದ್ರೆ ಅವರು ಫೀಸ್ ತಗೊಂಡು ಸಲಹೆ ಕೊಡೋದೇ ಕಾನೂನಿಗೆ ವಿರುದ್ಧ, ಫೀಸ್ ಕಟ್ಟಿದ ರಸೀದಿ, ಮೆಸೇಜುಗಳ ಸ್ಕ್ರೀನ್‌ಶಾಟ್ ಇಟ್ಕೊಂಡು ಸೆಬಿಗೆ ಬರಿ. ಅವರೇ ಹೇಳಿದ ಬೇರೆ ಯಾವುದೋ ಆ್ಯಪಿಗೆ ಅಥವಾ ಯಾರದ್ದೋ ಖಾತೆಗೆ ದುಡ್ಡು ಹಾಕಿದ್ರೆ ಅದು ಟ್ರೇಡಿಂಗೇ ಅಲ್ಲ, ವಂಚನೆ, ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಬ್ಯಾಂಕಿಗೆ ಹೋಗಿ ಲೋನಿನ ಕಂತು ಸಣ್ಣದು ಮಾಡಿ ಅವಧಿ ಜಾಸ್ತಿ ಮಾಡೋಕೆ ಆಗುತ್ತಾ ಕೇಳು, ಕಂತು ತಪ್ಪೋ ಮುಂಚೆ ಹೋದ್ರೆ ಮಾತಾಡ್ತಾರೆ. ಮತ್ತೆ ಈ ಭಾನುವಾರ ಮನೇಲಿ ಕೂತು ಹೇಳಿಬಿಡು, ಅಪ್ಪನಿಗೋ ಅಣ್ಣನಿಗೋ, ಯಾರಿಗೆ ಹೇಳೋಕೆ ಸುಲಭನೋ ಅವರಿಗೆ ಮೊದಲು. ಹೇಳಿದ ಮೇಲೆ ನನಗೂ ಒಂದು ಪತ್ರ ಹಾಕು.